ಎಲೆಕ್ಟ್ರೋಅಕ್ಯುಪಂಕ್ಚರ್: ಒತ್ತಡದ ಆತಂಕ ಮತ್ತು ಮಿದುಳಿನ ಚಟುವಟಿಕೆ

ಎಲೆಕ್ಟ್ರೋಅಕ್ಯುಪಂಕ್ಚರ್ ಎಂದರೆ ಮೈಯ ಗೊತ್ತಾದ ಬಿಂದುಗಳಲ್ಲಿ ತೆಳು ಲೋಹದ ಸೂಜಿಗಳನ್ನು ಚುಚ್ಚಿ, ಅವುಗಳ ಮೂಲಕ ಅಲ್ಪ ಪ್ರಮಾಣದ ವಿದ್ಯುತ್ತನ್ನು ಮಿಡಿತಗಳಾಗಿ ಹರಿಸುವ ಚಿಕಿತ್ಸೆ. ಚೀನದ ಹಳೆಯ ಅಕ್ಯುಪಂಕ್ಚರ್ ಇದರ ಬುಡ. ಮೊದಲು ನೋವು ಶಮನಕ್ಕಾಗಿ ಬಳಕೆಗೆ ಬಂದ ಈ ಕ್ರಮವನ್ನು ಈಚಿನ ದಶಕಗಳಲ್ಲಿ ಒತ್ತಡದಿಂದ ಹುಟ್ಟುವ ಆತಂಕ, ಆಘಾತದ ನಂತರದ ಮನೋವ್ಯಾಧಿ, ನಿದ್ರಾಹೀನತೆ ಮುಂತಾದವುಗಳಲ್ಲೂ ಪರೀಕ್ಷಿಸಲಾಗುತ್ತಿದೆ. ಚಿಕಿತ್ಸೆಯ ಹೊತ್ತಿನಲ್ಲೂ ಆಮೇಲೂ ಮಿದುಳಿನಲ್ಲಿ ಏನಾಗುತ್ತದೆ ಎಂಬುದನ್ನು ಇಲಿಗಳಲ್ಲಿಯೂ ಮನುಷ್ಯರಲ್ಲಿಯೂ ಸಾಕಷ್ಟು ವಿವರವಾಗಿ ಅಳೆಯಲಾಗಿದೆ. ಅಳತೆಗಳು ಒಂದು ದಿಕ್ಕನ್ನು ತೋರಿಸುತ್ತವೆ. ಆದರೆ ಮಿದುಳಿನ ಬದಲಾವಣೆಯಿಂದ ರೋಗಿಯ ಗುಣದವರೆಗಿನ ದಾರಿಯನ್ನು ಯಾರೂ ಪೂರ್ತಿ ನಡೆದು ತೋರಿಸಿಲ್ಲ.

ಮನೋರೋಗಿಗಳಿಗೆ ‘ಕರೆಂಟ್ ಕೊಡುವುದು’ ಎಂದು ಜನ ಹೇಳುವ ಇಸಿಟಿಯೇ ಬೇರೆ, ಇದೇ ಬೇರೆ. ಇಸಿಟಿಯಲ್ಲಿ ಅರಿವಳಿಕೆ ಕೊಟ್ಟು ತಲೆಯ ಮೂಲಕ ನೂರಾರು ಮಿಲಿಆಂಪಿಯರ್ ವಿದ್ಯುತ್ತನ್ನು ಕೆಲವು ಸೆಕೆಂಡು ಹಾಯಿಸಿ ಮಿದುಳಿನಲ್ಲಿ ಸೆಳವು ಬರಿಸುತ್ತಾರೆ. ಎಲೆಕ್ಟ್ರೋಅಕ್ಯುಪಂಕ್ಚರ್‌ನಲ್ಲಿ ರೋಗಿಗೆ ಎಚ್ಚರವಿರುತ್ತದೆ, ವಿದ್ಯುತ್ತು ಸಾಮಾನ್ಯವಾಗಿ ಕೆಲವೇ ಮಿಲಿಆಂಪಿಯರ್, ಅದು ಹರಿಯುವುದೂ ಹೆಚ್ಚಾಗಿ ಕೈಕಾಲುಗಳ ಸ್ನಾಯುಗಳಲ್ಲಿ. ಮಿದುಳನ್ನು ಮುಟ್ಟುವುದು ನರಗಳು ಒಯ್ಯುವ ಸುದ್ದಿ ಮಾತ್ರ. ನೆತ್ತಿಯ ಮೇಲಿನ ಬಾಯ್‌ಹುಯಿ, ಹುಬ್ಬುಗಳ ನಡುವಿನ ಯಿನ್‌ಟಾಂಗ್ ಬಿಂದುಗಳಿಗೆ ತಂತಿ ಜೋಡಿಸುವುದುಂಟು. ಆಗಲೂ ಸೆಳವು ಬರಿಸುವ ಉದ್ದೇಶವಾಗಲಿ ಅಷ್ಟು ಪ್ರಮಾಣದ ವಿದ್ಯುತ್ತಾಗಲಿ ಇರುವುದಿಲ್ಲ.

ಹಿನ್ನೆಲೆ

ಸೂಜಿಗೆ ವಿದ್ಯುತ್ತನ್ನು ಮೊದಲು ಜೋಡಿಸಿದ್ದು ಚೀನದಲ್ಲಲ್ಲ, ಫ್ರಾನ್ಸಿನಲ್ಲಿ. ಸಂಗೀತಗಾರ ಹೆಕ್ಟರ್ ಬೆರ್ಲಿಯೋಸನ ತಂದೆ, ವೈದ್ಯ ಲೂಯಿ ಬೆರ್ಲಿಯೋಸ್, 1816ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸೂಜಿಚಿಕಿತ್ಸೆಯ ತನ್ನ ಅನುಭವಗಳನ್ನು ಬರೆದು, ಸೂಜಿಗೆ ವಿದ್ಯುತ್ತು ಸೇರಿಸಿದರೆ ಪರಿಣಾಮ ಹೆಚ್ಚಬಹುದು ಎಂದು ಸೂಚಿಸಿದ. 1825ರಲ್ಲಿ ಸಾರ್ಲಾಂಡಿಯೇರ್ ಎಂಬ ವೈದ್ಯ ಅದನ್ನು ಮಾಡಿ ನೋಡಿ ಪ್ಯಾರಿಸಿನಲ್ಲಿ ವರದಿ ಪ್ರಕಟಿಸಿದ. ಆ ಪ್ರಯತ್ನ ಅಲ್ಲಿಗೇ ಮಂಕಾಯಿತು. ಈಗಿನ ರೂಪದ ಎಲೆಕ್ಟ್ರೋಅಕ್ಯುಪಂಕ್ಚರ್ ಬೆಳೆದದ್ದು 1950ರ ದಶಕದ ಚೀನದಲ್ಲಿ. 1958ರ ಸುಮಾರಿಗೆ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಗೆ ಬದಲಾಗಿ ಸೂಜಿ ಬಳಸುವ ಪ್ರಯೋಗಗಳು ಶುರುವಾದವು. ಗಂಟೆಗಟ್ಟಲೆ ಕೈಯಲ್ಲೇ ಸೂಜಿ ತಿರುಗಿಸುವುದು ಆಗುವ ಮಾತಲ್ಲವಾದ್ದರಿಂದ ಆ ಕೆಲಸ ಯಂತ್ರಕ್ಕೆ ಬಂತು.

ಪಶ್ಚಿಮದ ಓದುಗರಿಗೆ ಇದು ದೊಡ್ಡ ಸುದ್ದಿಯಾದದ್ದು 1971ರ ಜುಲೈನಲ್ಲಿ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೇಮ್ಸ್ ರೆಸ್ಟನ್ ಅವರಿಗೆ ಬೀಜಿಂಗಿನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತು. ಆ ಅನುಭವವನ್ನು ಅವರು ತಮ್ಮ ಪತ್ರಿಕೆಗೆ ಬರೆದರು. ಅವರನ್ನು ಸೂಜಿಯ ಅರಿವಳಿಕೆಯಲ್ಲೇ ಕೊಯ್ದರೆಂದು ಇಂದಿಗೂ ಬರೆಯುವವರಿದ್ದಾರೆ. ಅದು ನಿಜವಲ್ಲ. ಶಸ್ತ್ರಚಿಕಿತ್ಸೆ ನಡೆದದ್ದು ಮಾಮೂಲಿ ಅರಿವಳಿಕೆ ಚುಚ್ಚುಮದ್ದಿನಲ್ಲಿ. ಸೂಜಿ ಚುಚ್ಚಿದ್ದು ಆಮೇಲೆ, ಹೊಟ್ಟೆಯುಬ್ಬರ ಇಳಿಸಲು.

ಪ್ರಯೋಗಾಲಯದ ಕೆಲಸಕ್ಕೆ ಅಡಿಪಾಯ ಹಾಕಿದವರು ಬೀಜಿಂಗಿನ ಶರೀರಕ್ರಿಯಾ ವಿಜ್ಞಾನಿ ಹಾನ್ ಜಿಶೆಂಗ್. 1965ರಲ್ಲಿ ಈ ವಿಷಯ ಕೈಗೆತ್ತಿಕೊಂಡ ಅವರ ತಂಡ 1973ರಲ್ಲಿ ಮೊದಲ ದೊಡ್ಡ ವರದಿ ಕೊಟ್ಟಿತು. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಹೆಗು ಬಿಂದುವಿಗೆ ಸೂಜಿ ಹಾಕಿದಾಗ ಚರ್ಮದ ನೋವು ತಾಳುವ ಮಿತಿ ತಟ್ಟನೆ ಏರಲಿಲ್ಲ. ಅರ್ಧ ಗಂಟೆಯ ಆಸುಪಾಸಿನಲ್ಲಿ ಮೆಲ್ಲಗೆ ಏರಿತು, ಸೂಜಿ ತೆಗೆದ ಮೇಲೆ ಸುಮಾರು 16 ನಿಮಿಷಕ್ಕೊಮ್ಮೆ ಅರ್ಧಕ್ಕರ್ಧ ಇಳಿಯುತ್ತ ಬಂತು. ಇಂಥ ನಿಧಾನದ ಏರಿಳಿತ ಯಾವುದೋ ರಾಸಾಯನಿಕ ಬಿಡುಗಡೆಯಾಗಿ ಕರಗುತ್ತಿರುವುದರ ಗುರುತು. ಮರುವರ್ಷ ಅದೇ ತಂಡ, ಸೂಜಿ ಹಾಕಿದ ಮೊಲದ ಮಿದುಳು-ಬೆನ್ನುಹುರಿ ದ್ರವವನ್ನು ಸೂಜಿ ಹಾಕದ ಮೊಲಕ್ಕೆ ವರ್ಗಾಯಿಸಿದಾಗ ಆ ಎರಡನೆಯ ಮೊಲಕ್ಕೂ ನೋವು ಕಡಿಮೆಯಾಯಿತೆಂದು ತೋರಿಸಿತು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕೊಸ್ಟರ್ಲಿಟ್ಸ್ ಮಿದುಳಿನೊಳಗಿನ ಅಫೀಮಿನಂಥ ಸಂಯುಕ್ತವಾದ ಎನ್‌ಕೆಫಲಿನ್ನನ್ನು ಗುರುತಿಸಿದರು. ಅಲ್ಲಿಂದ ಮುಂದೆ ಸೂಜಿಯ ಮಾತು ನರರಸಾಯನದ ಮಾತಾಯಿತು.

ಯಂತ್ರ ಮತ್ತು ಆವರ್ತನ

ಸೂಜಿಯ ದಪ್ಪ ಸಾಮಾನ್ಯವಾಗಿ 0.25ರಿಂದ 0.30 ಮಿಲಿಮೀಟರ್, ಉದ್ದ 25ರಿಂದ 40 ಮಿಲಿಮೀಟರ್. ಸೂಜಿ ಸ್ನಾಯುವಿಗೆ ತಲುಪಿದಾಗ ಭಾರವಾದಂತೆ, ಜೋಮು ಹಿಡಿದಂತೆ, ಒಳಗಿನಿಂದ ಮಂದವಾಗಿ ನೋಯುವಂತೆ ಆಗುತ್ತದೆ. ಚೀನೀ ವೈದ್ಯರು ಇದನ್ನು ದೆಚಿ ಎನ್ನುತ್ತಾರೆ. ಅದು ಬರುವವರೆಗೆ ಸೂಜಿಯನ್ನು ತಿರುಗಿಸುವುದು ರೂಢಿ. ಆಮೇಲೆ ಎರಡೆರಡು ಸೂಜಿಗಳನ್ನು ಜೋಡಿಯಾಗಿ ಸಣ್ಣ ಕ್ಲಿಪ್ಪುಗಳಿಂದ ಯಂತ್ರದ ತಂತಿಗೆ ಕಚ್ಚಿಸುತ್ತಾರೆ. ಗುಂಡಿಯನ್ನು ಸೊನ್ನೆಯಿಂದ ಮೆಲ್ಲಗೆ ತಿರುಗಿಸುತ್ತ ಹೋದಂತೆ, 2 ಹರ್ಟ್ಸ್‌ನಲ್ಲಿ ಸೂಜಿಯ ಸುತ್ತಲಿನ ಸ್ನಾಯು ಸೆಕೆಂಡಿಗೆ ಎರಡು ಸಲ ಅದುರುವುದು ಬರಿಗಣ್ಣಿಗೇ ಕಾಣುತ್ತದೆ, ಸೂಜಿಯ ಹಿಡಿಯೂ ತಾಳಕ್ಕೆ ಅಲುಗುತ್ತದೆ. 100 ಹರ್ಟ್ಸ್‌ಗೆ ಏರಿಸಿದರೆ ಅದುರು ಹೋಗಿ ಬಿಡುವಿಲ್ಲದ ಜುಮುಜುಮು ಉಳಿಯುತ್ತದೆ. ಕೆಲವು ನಿಮಿಷಗಳಲ್ಲಿ ಮೈ ಅದಕ್ಕೆ ಒಗ್ಗಿಕೊಂಡು ಅನುಭವ ಮಂಕಾಗುವುದರಿಂದ ನಡುವೆ ಗುಂಡಿಯನ್ನು ಚೂರು ಏರಿಸಬೇಕಾಗುತ್ತದೆ. ಒಂದು ಸರದಿ 20ರಿಂದ 30 ನಿಮಿಷ. ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿದರೆ ಸೂಜಿ ಸವೆದು ಒಳಗೇ ಮುರಿಯುವ, ಅಂಗಾಂಶ ಸುಡುವ ಭಯವಿರುವುದರಿಂದ ಈಗಿನ ಯಂತ್ರಗಳು ದಿಕ್ಕು ಬದಲಿಸುವ ಮಿಡಿತಗಳನ್ನೇ ಕೊಡುತ್ತವೆ.

ಆವರ್ತನ ಇಲ್ಲಿ ಬರೀ ತಾಂತ್ರಿಕ ವಿವರವಲ್ಲ. 2 ಹರ್ಟ್ಸ್ ಮಿಡಿತ ಎನ್‌ಕೆಫಲಿನ್, ಬೀಟಾ-ಎಂಡಾರ್ಫಿನ್‌ಗಳನ್ನೂ 100 ಹರ್ಟ್ಸ್ ಮಿಡಿತ ಅದೇ ಜಾತಿಯ ಡೈನಾರ್ಫಿನ್ನನ್ನೂ ಬಿಡುಗಡೆ ಮಾಡಿಸುತ್ತವೆ ಎಂಬುದು ಹಾನ್ ತಂಡದ ಮುಖ್ಯ ಶೋಧ. 1991ರಲ್ಲಿ ರೋಗಿಗಳ ಬೆನ್ನುಹುರಿ ದ್ರವದಲ್ಲೂ ಇದೇ ವ್ಯತ್ಯಾಸ ಕಂಡಿತು. ಎರಡರ ಲಾಭವನ್ನೂ ಪಡೆಯಲು 2 ಮತ್ತು 100 ಹರ್ಟ್ಸ್‌ಗಳನ್ನು ಮೂರು ಮೂರು ಸೆಕೆಂಡಿಗೊಮ್ಮೆ ಬದಲಿಸುವ ಕ್ರಮ ಬಳಕೆಗೆ ಬಂತು. ನೋವಿನಲ್ಲಿ ಸಿಕ್ಕ ಈ ಸೂತ್ರವನ್ನು ಆತಂಕಕ್ಕೆ ಹಾಗೇ ಎತ್ತಿಕೊಂಡ ಬರಹಗಳು ಬೇಕಾದಷ್ಟಿವೆ. ಅದು ಅವಸರ. ಬೆನ್ನುಹುರಿಯಲ್ಲಿ ನೋವನ್ನು ತಡೆಯುವ ಡೈನಾರ್ಫಿನ್, ಮಿದುಳಿನಲ್ಲಿ ಕಪ್ಪಾ ಗ್ರಾಹಕಗಳ ಮೂಲಕ ಕಸಿವಿಸಿಯನ್ನೂ ಬೇಸರವನ್ನೂ ಹೆಚ್ಚಿಸಬಲ್ಲದು. ನೋವಿಗೆ ಒಳ್ಳೆಯದಾದ ಆವರ್ತನ ಆತಂಕಕ್ಕೂ ಒಳ್ಳೆಯದೇ ಎಂಬುದನ್ನು ಬೇರೆಯಾಗಿಯೇ ಸಾಧಿಸಿ ತೋರಿಸಬೇಕು.

ಆತಂಕದ ಮಿದುಳು

ಒತ್ತಡದ ಆಧುನಿಕ ಕಲ್ಪನೆಗೆ ದಾರಿ ಮಾಡಿದ್ದು ಮಾಂಟ್ರಿಯಲ್‌ನ ಹಾನ್ಸ್ ಸೆಲ್ಯೆ 1936ರಲ್ಲಿ ನೇಚರ್ ಪತ್ರಿಕೆಗೆ ಬರೆದ ಪುಟ್ಟ ಟಿಪ್ಪಣಿ. ಅಪಾಯದ ಸುದ್ದಿ ಬಂದಾಗ ಹೈಪೊಥಲಾಮಸ್ಸಿನ ಒಂದು ಸಣ್ಣ ಕೋಶಗುಚ್ಛ ಸಿಆರ್‌ಎಚ್ ಎಂಬ ಹಾರ್ಮೋನನ್ನು ಬಿಡುತ್ತದೆ. ಅದರಿಂದ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಸುರಿಸುತ್ತದೆ. ಅದರಿಂದ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಬಿಡುತ್ತದೆ. ಇಲಿಗಳಲ್ಲಿ ಕಾರ್ಟಿಸಾಲ್ ಬದಲು ಕಾರ್ಟಿಕೊಸ್ಟಿರೋನ್. 1981ರಲ್ಲಿ ವೈಲಿ ವೇಲ್ ತಂಡ ಸಿಆರ್‌ಎಚ್‌ನ ರಚನೆಯನ್ನು ಬಿಡಿಸಿದ ಮೇಲೆ ಈ ಸರಣಿಯ ಮೇಲ್ತುದಿ ಸ್ಪಷ್ಟವಾಯಿತು. ಸರಣಿಯನ್ನು ಎಬ್ಬಿಸುವ ಕೆಲಸದಲ್ಲಿ ಮಿದುಳಿನ ಭಾವನೆಯ ಕೇಂದ್ರಗಳಲ್ಲೊಂದಾದ ಅಮಿಗ್ಡಲ ಮುಂದು. ತಣಿಸುವುದು ಹಿಪೊಕ್ಯಾಂಪಸ್ ಮತ್ತು ಹಣೆಯ ಹಿಂದಿನ ಮುಂಮಿದುಳಿನ ಒಳಭಾಗ. ಒತ್ತಡ ವಾರಗಟ್ಟಲೆ, ತಿಂಗಳುಗಟ್ಟಲೆ ನಿಂತರೆ ತಣಿಸುವ ಭಾಗಗಳೇ ಸೊರಗುತ್ತವೆ.

2007ರಲ್ಲಿ ಎಟ್ಕಿನ್ ಮತ್ತು ವೇಗರ್ ಹಲವು ಚಿತ್ರಣ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಘಾತದ ನಂತರದ ವ್ಯಾಧಿ, ಸಾಮಾಜಿಕ ಅಂಜಿಕೆ, ನಿರ್ದಿಷ್ಟ ಭಯಗಳು ಮೂರರಲ್ಲೂ ಅಮಿಗ್ಡಲ ಮತ್ತು ಇನ್ಸುಲ ಅತಿ ಚಟುವಟಿಕೆಯಿಂದಿರುವುದು ಕಂಡಿತು. ಆಘಾತದ ನಂತರದ ವ್ಯಾಧಿಯಲ್ಲಿ ಮಾತ್ರ ಮುಂಮಿದುಳಿನ ಒಳ-ಕೆಳಭಾಗದ ಚಟುವಟಿಕೆ ಇಳಿದಿತ್ತು. ಈ ಕೊನೆಯ ಅಂಶ ಮುಂದೆ ಸೂಜಿಯ ಚಿತ್ರಗಳನ್ನು ಓದುವಾಗ ಅಡ್ಡ ಬರುತ್ತದೆ.

ಸೂಜಿಯಿಂದ ಮಿದುಳಿಗೆ

ಮೊದಲ ಮೆಟ್ಟಿಲು ನರ. 1973ರಲ್ಲಿ ಚೀನದ ಸಂಶೋಧಕರು ಹೆಗು ಬಿಂದುವಿನ ಆಳದ ಸ್ನಾಯುನರಗಳನ್ನು ಪ್ರೊಕೇನ್ ಚುಚ್ಚಿ ಮರಗಟ್ಟಿಸಿದಾಗ ಸೂಜಿಯ ನೋವುಶಮನ ನಿಂತುಹೋಯಿತು. ಆತಂಕದ ಪ್ರಯೋಗಗಳಲ್ಲಿ ಹೆಚ್ಚು ಬಳಕೆಯಾಗುವ ಬಿಂದುಗಳೂ ದೊಡ್ಡ ನರಗಳ ಮೇಲೋ ಪಕ್ಕದಲ್ಲೋ ಇವೆ. ಮೊಣಕಾಲ ಚಿಪ್ಪಿನ ಕೆಳಗೆ ನಾಲ್ಕು ಬೆರಳಿನಷ್ಟು ಇಳಿದು ಮೊಳಕಾಲೆಲುಬಿನ ಹೊರಮಗ್ಗುಲಲ್ಲಿರುವ ತ್ಸುಸಾನ್‌ಲಿಯ ಅಡಿಯಲ್ಲಿ ಕಾಲಿನ ಪೆರೋನಿಯಲ್ ನರದ ಕವಲು ಹಾದಿದೆ. ಮಣಿಕಟ್ಟಿನ ಒಳಮಡಿಕೆಯಿಂದ ಸ್ವಲ್ಪ ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ ನೈಗುವಾನ್. ಅದರ ಕೆಳಗೆ ಮೀಡಿಯನ್ ನರ. ಕಿರುಬೆರಳ ಕಡೆಯ ಮಣಿಕಟ್ಟಿನ ಶೆನ್‌ಮೆನ್ ಬಿಂದುವಿಗೆ ಅಲ್ನಾರ್ ನರ ಹತ್ತಿರ.

ನರದಿಂದ ಮುಂದಕ್ಕೆ ಬೆನ್ನುಹುರಿ, ಮಿದುಳುಕಾಂಡ, ಹೈಪೊಥಲಾಮಸ್. ಕ್ಯಾಲಿಫೋರ್ನಿಯದ ಅರ್ವೈನ್‌ನಲ್ಲಿ ಜಾನ್ ಲಾಂಗ್‌ಹರ್ಸ್ಟ್ ತಂಡ ವರ್ಷಗಳ ಕಾಲ ಪ್ರಾಣಿಗಳಲ್ಲಿ ಕೆಲಸ ಮಾಡಿ, ಮಣಿಕಟ್ಟಿನ ಬಿಂದುಗಳ ಪ್ರಚೋದನೆ ಹೈಪೊಥಲಾಮಸ್ಸಿನ ಆರ್ಕ್ಯುಯೇಟ್ ಕೋಶಗುಚ್ಛಕ್ಕೂ ನಡುಮಿದುಳಿನ ಬೂದುಭಾಗಕ್ಕೂ ತಲುಪಿ, ಅಲ್ಲಿಂದ ಮಿದುಳುಕಾಂಡದ ಸಿಂಪಥೆಟಿಕ್ ಕೇಂದ್ರವನ್ನು ತಗ್ಗಿಸುವುದನ್ನು ತೋರಿಸಿತು. ಎದೆ ಡವಗುಟ್ಟುವುದು, ಅಂಗೈ ಬೆವರುವುದು ಮುಂತಾದ ಆತಂಕದ ದೈಹಿಕ ಲಕ್ಷಣಗಳ ಹಿಂದಿರುವುದು ಇದೇ ಸಿಂಪಥೆಟಿಕ್ ಜಾಲ. ಮೀಡಿಯನ್ ನರವನ್ನು ಪ್ರಚೋದಿಸಿದಾಗ ಸುಂಡಿಲಿಗಳ ಹೈಪೊಥಲಾಮಸ್ಸಿನಿಂದ ಒರೆಕ್ಸಿನ್ ಬಿಡುಗಡೆಯಾಗಿ, ಮಿದುಳಿನ ಸ್ವಂತ ಗಾಂಜಾರೂಪಿ ಸಂಯುಕ್ತಗಳ ಮೂಲಕ ನೋವು ತಗ್ಗುತ್ತದೆಂದು 2018ರಲ್ಲಿ ತೈವಾನ್‌ನ ತಂಡ ವರದಿ ಮಾಡಿತು.

ಬಿಂದು ಯಾವುದಾದರೂ ಒಂದೇ ಎನ್ನುವವರಿಗೂ, ಬಿಂದುವೇ ಎಲ್ಲ ಎನ್ನುವವರಿಗೂ ಸರಿಯಾದ ಉತ್ತರ ಕೊಟ್ಟದ್ದು ಹಾರ್ವರ್ಡ್‌ನ ಮಾ ಚ್ಯೂಫು ತಂಡ. ಉರಿಯೂತದ ಬಗೆಗಿನ ಅವರ 2021ರ ನೇಚರ್ ಪ್ರಬಂಧದ ಪ್ರಕಾರ, ಸುಂಡಿಲಿಯ ಹಿಂಗಾಲಿನ ಆಳದ ಪೊರೆಗೆ ಬರುವ ಒಂದು ನಿರ್ದಿಷ್ಟ ಬಗೆಯ ಸಂವೇದಕ ನರಕೋಶಗಳು ಇದ್ದರಷ್ಟೇ ತ್ಸುಸಾನ್‌ಲಿಯ ಮಂದ ವಿದ್ಯುತ್ತು ವೇಗಸ್ ನರದ ಮೂಲಕ ಅಡ್ರಿನಲ್ ಗ್ರಂಥಿಯನ್ನು ಮುಟ್ಟುತ್ತದೆ. ಆ ನರಕೋಶಗಳು ಹೊಟ್ಟೆಯ ಪೊರೆಯಲ್ಲಿಲ್ಲ. ಅಲ್ಲಿ ಅದೇ ಮಂದ ವಿದ್ಯುತ್ತು ಕೊಟ್ಟರೆ ಪರಿಣಾಮವೂ ಇಲ್ಲ. ಅದಕ್ಕೆ ಹಿಂದಿನ ವರ್ಷದ ಅವರದೇ ಪ್ರಬಂಧ ಇನ್ನೊಂದು ಎಚ್ಚರಿಕೆ ಕೊಟ್ಟಿತ್ತು: ಹೊಟ್ಟೆಯ ಬಿಂದುವಿಗೆ ಜೋರಾದ ವಿದ್ಯುತ್ತನ್ನು ಕಾಯಿಲೆಗೆ ಮುಂಚೆ ಕೊಟ್ಟರೆ ರಕ್ಷಣೆ, ಕಾಯಿಲೆ ಶುರುವಾದ ಮೇಲೆ ಕೊಟ್ಟರೆ ಹಾನಿ. ಜಾಗ, ಪ್ರಮಾಣ, ಹೊತ್ತು ಮೂರೂ ಲೆಕ್ಕಕ್ಕೆ ಬರುತ್ತವೆ. ಮೈಯಲ್ಲಿ ಶಕ್ತಿ ಹರಿಯುವ ನಾಡಿಗಳೆಂದು ಚೀನದ ಅಕ್ಯುಪಂಕ್ಚರ್ ಬರೆದಿಟ್ಟ ಹಳೆಯ ನಕ್ಷೆಯನ್ನು ಇದು ಪುರಸ್ಕರಿಸುವುದಿಲ್ಲ. ಆದರೆ ಆ ನಕ್ಷೆ ಬರೆದವರ ಬೆರಳು ಕೆಲವು ಕಡೆ ಸರಿಯಾದ ನರದ ಮೇಲೇ ಬಿದ್ದಿತ್ತು ಎಂದು ಒಪ್ಪಬೇಕಾಗುತ್ತದೆ.

ಇಲಿಗಳ ಮೇಲಿನ ಪ್ರಯೋಗಗಳು

ಆತಂಕದ ಬಗ್ಗೆ ನಮಗಿರುವ ಸಾಕ್ಷ್ಯದ ಬಹುಪಾಲು ಇಲಿಗಳಿಂದ ಬಂದದ್ದು. ಇಲಿಗೆ ಒತ್ತಡ ತರಿಸಲು ಕೊಳವೆಯಲ್ಲಿ ಗಂಟೆಗಟ್ಟಲೆ ಬಂಧಿಸುವುದು, ತಣ್ಣೀರಿನ ಚಳಿ ಹತ್ತಿಸುವುದು, ಮರಿಯನ್ನು ತಾಯಿಯಿಂದ ಬೇರೆ ಮಾಡುವುದು, ಒಂದೇ ದಿನ ಬಂಧನ, ಬಲವಂತದ ಈಜು, ಈಥರ್ ಮೂರನ್ನೂ ಒಂದರ ಹಿಂದೊಂದು ಕೊಡುವುದು ಮುಂತಾದ ವಿಧಾನಗಳಿವೆ. ಆತಂಕವನ್ನು ಅಳೆಯಲು ಹೆಚ್ಚು ಬಳಸುವುದು ಕೂಡು ಚಿಹ್ನೆಯ ಆಕಾರದ ಎತ್ತರದ ಹಲಗೆ. ನೆಲದಿಂದ ಸುಮಾರು 50 ಸೆಂಟಿಮೀಟರ್ ಮೇಲೆ ನಾಲ್ಕು ತೋಳುಗಳು; ಎದುರುಬದುರಿನ ಎರಡಕ್ಕೆ ಗೋಡೆ, ಇನ್ನೆರಡು ಬಯಲು. ಇಲಿಯನ್ನು ನಡುವೆ ಬಿಟ್ಟು ಐದು ನಿಮಿಷ ನೋಡುತ್ತಾರೆ. ಅಂಜಿದ ಇಲಿ ಗೋಡೆಯ ಮರೆಯಲ್ಲೇ ಕೂತು, ಬಯಲ ತೋಳಿನ ಬಾಯಲ್ಲಿ ಮೂತಿ ಚಾಚಿ, ಮೈ ಉದ್ದಕ್ಕೆಳೆದು ಮೂಸಿ, ಹಿಂದಕ್ಕೆ ಸರಿಯುತ್ತದೆ. ಧೈರ್ಯದ ಇಲಿ ಬಯಲಿಗೆ ಬಂದು ಅಂಚಿನಿಂದ ತಲೆ ಬಾಗಿಸಿ ಕೆಳಗಿಣುಕುತ್ತದೆ. ಬಯಲಲ್ಲಿ ಕಳೆದ ಸೆಕೆಂಡುಗಳೇ ಲೆಕ್ಕ.

ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಲಾದನ್ ಎಷ್ಕೆವಾರಿ ತಂಡದ ಕೆಲಸ ಇಲ್ಲಿ ಹೆಚ್ಚು ಅಚ್ಚುಕಟ್ಟಾದದ್ದು. 2013ರ ಅವರ ಪ್ರಬಂಧದಲ್ಲಿ ಚಳಿಯ ಒತ್ತಡಕ್ಕೆ ಮುಂಚೆ ತ್ಸುಸಾನ್‌ಲಿಗೆ ಎಲೆಕ್ಟ್ರೋಅಕ್ಯುಪಂಕ್ಚರ್ ಕೊಟ್ಟ ಇಲಿಗಳಲ್ಲಿ ಎಸಿಟಿಎಚ್ ಮತ್ತು ಕಾರ್ಟಿಕೊಸ್ಟಿರೋನ್ ಏರಲಿಲ್ಲ. ಹೋಲಿಕೆಗಾಗಿ ಹುಸಿ ಜಾಗದಲ್ಲಿ ಸೂಜಿ ಹಾಕಿಸಿಕೊಂಡವುಗಳಲ್ಲಿ ಏರಿದವು. 2015ರ ಮುಂದಿನ ಪ್ರಬಂಧದಲ್ಲಿ ಕಾರ್ಟಿಸಾಲ್ ಗ್ರಾಹಕವನ್ನು ತಡೆಯುವ ಔಷಧಿಯನ್ನೂ ಬಳಸಿ, ಒತ್ತಡದ ಹಾರ್ಮೋನು ಸರಣಿಯ ಮೇಲಿನ ಪರಿಣಾಮವನ್ನು ಇನ್ನಷ್ಟು ಬಿಡಿಸಿ ನೋಡಿದರು. ಕೊರಿಯದ ತಂಡಗಳು ಮದ್ಯ ಮತ್ತು ನಿಕೋಟಿನ್ ಬಿಟ್ಟ ಇಲಿಗಳ ಚಡಪಡಿಕೆಯನ್ನು ಶೆನ್‌ಮೆನ್ ಬಿಂದುವಿನ ಸೂಜಿ ತಗ್ಗಿಸುವುದನ್ನೂ, ಆಗ ಅಮಿಗ್ಡಲದಲ್ಲಿ ಸಿಆರ್‌ಎಚ್ ಇಳಿಯುವುದನ್ನೂ ತೋರಿಸಿವೆ. ಷಿಯಾನ್ ನಗರದ ಸಂಶೋಧಕರು 2019ರಲ್ಲಿ, ಆಘಾತಕ್ಕೆ ಒಳಗಾದ ಇಲಿಗಳಿಗೆ ಬೇಗನೆ ಎಲೆಕ್ಟ್ರೋಅಕ್ಯುಪಂಕ್ಚರ್ ಕೊಟ್ಟರೆ ಹಿಪೊಕ್ಯಾಂಪಸ್ಸಿನ ಗಾಂಜಾರೂಪಿ ಸಂಯುಕ್ತಗಳ ವ್ಯವಸ್ಥೆ ಬಲಗೊಂಡು ಆತಂಕದ ವರ್ತನೆ ಮೂಡದಂತೆ ತಡೆಯುತ್ತದೆ ಎಂದರು. ಈಗಿನ ಚೀನೀ ಪ್ರಯೋಗಾಲಯಗಳು ಬೆಳಕಿನಿಂದ ನರಕೋಶಗಳನ್ನು ಎಬ್ಬಿಸುವ, ಮಲಗಿಸುವ ತಂತ್ರಗಳನ್ನು ಬಳಸಿ ಮುಂಮಿದುಳಿಗೂ ಅಮಿಗ್ಡಲ, ಹಿಪೊಕ್ಯಾಂಪಸ್‌ಗಳಿಗೂ ನಡುವಿನ ಒಂದೊಂದೇ ತಂತುಮಾರ್ಗವನ್ನು ಹುಡುಕುತ್ತಿವೆ. ದೀರ್ಘಕಾಲದ ನೋವಿನ ಜೊತೆಗೆ ಬರುವ ಆತಂಕ ಇವುಗಳ ಅಚ್ಚುಮೆಚ್ಚಿನ ವಿಷಯ.

ಈ ಪ್ರಯೋಗಗಳಲ್ಲಿ ಒಂದು ಮೂಲಭೂತ ತೊಡಕಿದೆ, ಪ್ರಬಂಧಗಳಲ್ಲಿ ಅದಕ್ಕೆ ಸಿಗುವ ಜಾಗ ಮಾತ್ರ ಕಡಿಮೆ. ಎಚ್ಚರದ ಇಲಿ ಸೂಜಿ ಚುಚ್ಚಿಸಿಕೊಂಡು ಅರ್ಧ ಗಂಟೆ ಸುಮ್ಮನಿರುವುದಿಲ್ಲ. ಒಂದೋ ಅದನ್ನು ಕಟ್ಟಿಡಬೇಕು, ಇಲ್ಲವೇ ಅರಿವಳಿಕೆ ಕೊಡಬೇಕು. ಕಟ್ಟಿಡುವುದೇ ಒತ್ತಡ ತರಿಸುವ ವಿಧಾನ. ಅರಿವಳಿಕೆಯೋ ಮಿದುಳಿನ ಚಟುವಟಿಕೆಯನ್ನೇ ಬದಲಿಸುತ್ತದೆ. ಹುಸಿ ಗುಂಪಿಗೂ ಅದನ್ನೇ ಮಾಡಿ ಸರಿದೂಗಿಸುತ್ತಾರೆ ಎಂಬುದು ನಿಜ, ಆದರೂ ಅಳೆಯುವ ಕೈಯೇ ತಕ್ಕಡಿಯನ್ನು ಒತ್ತುತ್ತಿರುತ್ತದೆ. ಅಲ್ಲದೆ ಸೂಜಿ ಕೆಲಸ ಮಾಡಲಿಲ್ಲ ಎಂಬ ಇಲಿ ಪ್ರಯೋಗಗಳು ಪ್ರಕಟವಾಗುವುದು ಬಹಳ ಅಪರೂಪ. ಪ್ರತಿ ಪ್ರಯೋಗವೂ ಗೆಲ್ಲುವ ಕ್ಷೇತ್ರವನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಮನುಷ್ಯರ ಮಿದುಳಿನ ಚಿತ್ರಗಳು

ಮಿದುಳಿನ ಚಟುವಟಿಕೆಯನ್ನು ಚಿತ್ರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿದವರ ಕೈಗೆ ಸೂಜಿ ಹಾಕಿ ಮಿದುಳನ್ನು ನೋಡುವ ಕೆಲಸ 1990ರ ದಶಕದ ಕೊನೆಗೆ ಶುರುವಾಯಿತು. ಆರಂಭವೇ ಒಂದು ಮುಗ್ಗರಿಕೆ. 1998ರಲ್ಲಿ ಅಮೆರಿಕದ ಪ್ರತಿಷ್ಠಿತ ಪಿಎನ್‌ಎಎಸ್ ಪತ್ರಿಕೆಯಲ್ಲಿ, ಕಾಲ್ಬೆರಳ ಪಕ್ಕದ ಕಣ್ಣಿಗೆ ಸಂಬಂಧಿಸಿದ ಬಿಂದುವನ್ನು ಚುಚ್ಚಿದರೆ ಮಿದುಳಿನ ದೃಷ್ಟಿಕೇಂದ್ರ ಎಚ್ಚೆತ್ತುಕೊಳ್ಳುತ್ತದೆ ಎಂಬ ಪ್ರಬಂಧ ಬಂತು. ಹಳೆಯ ನಕ್ಷೆಗೆ ಹೊಸ ಯಂತ್ರದ ಮುದ್ರೆ ಬಿತ್ತೆಂದು ಜಗತ್ತಿನಾದ್ಯಂತ ಸುದ್ದಿಯಾಯಿತು. 2006ರಲ್ಲಿ ಆ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ಹಿಂತೆಗೆದ ಸುದ್ದಿ ಮೊದಲಿನದರಷ್ಟು ದೂರ ಹೋಗಲಿಲ್ಲ. ಇಂದಿಗೂ ಎಷ್ಟೋ ಚಿಕಿತ್ಸಾಲಯಗಳ ಪ್ರಚಾರಪತ್ರಗಳಲ್ಲಿ ಮೊದಲಿನದೇ ಕಾಣುತ್ತದೆ.

ಗಟ್ಟಿಯಾಗಿ ಉಳಿದದ್ದು ಬಾಸ್ಟನ್ನಿನ ಕ್ಯಾಥ್ಲೀನ್ ಹುಯಿ ತಂಡದ 2000ದ ವರದಿ. 13 ಮಂದಿ ಆರೋಗ್ಯವಂತರ ಹೆಗು ಬಿಂದುವಿನಲ್ಲಿ ಸೂಜಿ ತಿರುಗಿಸಿದಾಗ, ದೆಚಿಯ ಅನುಭವ ಪಡೆದ 11 ಮಂದಿಯಲ್ಲಿ ಅಮಿಗ್ಡಲ, ಹಿಪೊಕ್ಯಾಂಪಸ್ ಮುಂತಾದ ಭಾವನೆಯ ಕೇಂದ್ರಗಳ ಸಂಕೇತ ಇಳಿಯಿತು. ಚುಚ್ಚಿದ ನೋವೇ ಅನುಭವಕ್ಕೆ ಬಂದ ಇಬ್ಬರಲ್ಲಿ ಅದು ಏರಿತು. ಒಂದೇ ಸೂಜಿ, ಒಂದೇ ಜಾಗ. ಅನುಭವ ಬೇರೆಯಾದಾಗ ಮಿದುಳಿನ ಉತ್ತರ ತಿರುವುಮುರುವು. ಇಬ್ಬರ ಮೇಲೆ ಸಿದ್ಧಾಂತ ಕಟ್ಟಲಾಗದು, ಆದರೆ ಮುಂದಿನ ಅಧ್ಯಯನಗಳಲ್ಲೂ ಇದರ ನೆರಳು ಕಾಣುತ್ತದೆ. ಸೂಜಿಗೆ ಹೆದರಿ ಮೈ ಬಿಗಿಹಿಡಿದು ಮಲಗುವ ಆತಂಕದ ರೋಗಿಗೆ ಇದರ ಅರ್ಥವೇನೆಂಬ ಪ್ರಶ್ನೆಯನ್ನು ಚಿಕಿತ್ಸಕರು ಕೇಳಿಕೊಳ್ಳಬೇಕು.

ವಿದ್ಯುತ್ತು ಸೇರಿಸಿದರೆ ಏನು ವ್ಯತ್ಯಾಸ ಎಂಬುದನ್ನು ವಿಟಾಲಿ ನಪಡೊ ಮತ್ತು ಸಂಗಡಿಗರು 2005ರಲ್ಲಿ ತ್ಸುಸಾನ್‌ಲಿ ಬಿಂದುವಿನಲ್ಲಿ ನೋಡಿದರು. ಕೈಯಿಂದ ತಿರುಗಿಸುವ ಸೂಜಿಗಿಂತ ಎಲೆಕ್ಟ್ರೋಅಕ್ಯುಪಂಕ್ಚರ್, ಅದರಲ್ಲೂ ಕಡಿಮೆ ಆವರ್ತನದ್ದು, ಮಿದುಳಿನ ಹೆಚ್ಚು ವಿಸ್ತಾರವಾದ ಭಾಗವನ್ನು ಎಬ್ಬಿಸಿತು. ಚರ್ಮವನ್ನು ಬರೀ ತಟ್ಟುವುದಕ್ಕಿಂತ ಎಲ್ಲ ಬಗೆಯ ಸೂಜಿಗಳ ಪರಿಣಾಮವೂ ವಿಸ್ತಾರವಾಗಿತ್ತು. 2 ಹರ್ಟ್ಸ್ ಮಿಡಿತ ಮಾತ್ರ ಮಿದುಳುಕಾಂಡದಲ್ಲಿ ಸಿರೊಟೊನಿನ್ ನರಕೋಶಗಳ ನೆಲೆಯಾದ ರಾಫೆ ಪ್ರದೇಶವನ್ನು ಮುಟ್ಟಿತು. ಇನ್ನೊಂದೆಡೆ ಅಮಿಗ್ಡಲ, ಹಿಪೊಕ್ಯಾಂಪಸ್ಸಿನ ಮುಂಭಾಗ, ಮುಂಮಿದುಳಿನ ಒಳ-ಕೆಳಭಾಗ ಎಲ್ಲದರಲ್ಲೂ ಸಂಕೇತ ಇಳಿಯಿತು. ಆತಂಕದ ಔಷಧಿಗಳಲ್ಲಿ ಮುಖ್ಯವಾದ ಎಸ್‌ಎಸ್‌ಆರ್‌ಐಗಳೂ ಕೆಲಸ ಮಾಡುವುದು ಸಿರೊಟೊನಿನ್ ಮೂಲಕವೇ ಆದ್ದರಿಂದ ರಾಫೆಯ ಈ ಸುದ್ದಿ ಸಂಶೋಧಕರಿಗೆ ಹುರುಪು ಕೊಟ್ಟಿತು.

ಈ ಚಿತ್ರಗಳನ್ನು ಓದುವಾಗ ಆತುರ ಸಲ್ಲದು. ಎಫ್‌ಎಂಆರ್‌ಐ ಅಳೆಯುವುದು ರಕ್ತದ ಆಮ್ಲಜನಕವನ್ನು, ನರಕೋಶದ ಮಾತನ್ನಲ್ಲ; ಅಮಿಗ್ಡಲದ ಸಂಕೇತ ಇಳಿದರೆ ಮನಸ್ಸು ತಣ್ಣಗಾಯಿತೆಂದು ಬರೆಯಲಾಗದು. ಮೇಲೆ ಹೇಳಿದ ಅಡಚಣೆಯೂ ಇಲ್ಲೇ ಎದುರಾಗುತ್ತದೆ: ಆರೋಗ್ಯವಂತರಲ್ಲಿ ಸೂಜಿ ಮುಂಮಿದುಳಿನ ಒಳ-ಕೆಳಭಾಗವನ್ನು ತಗ್ಗಿಸುತ್ತದೆ, ಆದರೆ ಆಘಾತದ ನಂತರದ ವ್ಯಾಧಿಯಲ್ಲಿ ಆ ಭಾಗ ಮೊದಲೇ ತಗ್ಗಿರುತ್ತದೆ, ಭಯವನ್ನು ಅಡಗಿಸಲು ಅದು ಎಚ್ಚೆತ್ತುಕೊಳ್ಳಬೇಕಾಗುತ್ತದೆ. ಆರೋಗ್ಯವಂತರ ಚಿತ್ರವನ್ನು ರೋಗಿಯ ಮೇಲೆ ಹೊದಿಸಿದರೆ ಸೂಜಿ ಅಪಕಾರಿ ಎಂದೂ ವಾದಿಸಬಹುದು. ಹಾಗೆ ವಾದಿಸುವವರಿಲ್ಲ, ಏಕೆಂದರೆ ಚಿತ್ರದಲ್ಲಿ ತಮಗೆ ಬೇಕಾದ ಭಾಗವನ್ನಷ್ಟೇ ಎತ್ತಿ ತೋರಿಸುವುದು ಈ ಕ್ಷೇತ್ರದಲ್ಲಿ ರೂಢಿಯಾಗಿದೆ.

ಸೂಜಿ ತೆಗೆದ ಮೇಲೂ ಉಳಿಯುವ ಬದಲಾವಣೆಗಳೇ ಬಹುಶಃ ಆತಂಕಕ್ಕೆ ಹೆಚ್ಚು ಸಂಬಂಧಪಟ್ಟವು. ನೈಗುವಾನ್ ಬಿಂದುವಿನ ಮೇಲೆ ರೂಪಾಲಿ ಧೋಂಡ್ ಮತ್ತು ಸಂಗಡಿಗರು 2008ರಲ್ಲಿ ಮಾಡಿದ ಅಧ್ಯಯನ ನೋಡಿದ್ದು, ನಾವು ಏನೂ ಮಾಡದೆ ಕೂತು ನಮ್ಮ ಬಗ್ಗೆಯೇ ಯೋಚಿಸುವಾಗ ಚುರುಕಾಗುವ ಮಿದುಳಿನ ಜಾಲವನ್ನು. ನಿಜವಾದ ಸೂಜಿಯ ನಂತರ ಆ ಜಾಲಕ್ಕೂ ಅಮಿಗ್ಡಲ, ಹಿಪೊಕ್ಯಾಂಪಸ್, ನಡುಮಿದುಳಿನ ಬೂದುಭಾಗಗಳಿಗೂ ನಡುವಿನ ಹೊಂದಾಣಿಕೆ ಹೆಚ್ಚಿತು. ಹುಸಿ ಸೂಜಿಯ ನಂತರ ಹೆಚ್ಚಲಿಲ್ಲ. ಹಿಪೊಕ್ಯಾಂಪಸ್ ಜೊತೆಗಿನ ಹೊಂದಾಣಿಕೆ ಎಷ್ಟು ಹೆಚ್ಚಿತೋ, ದೇಹದ ವಿಶ್ರಾಂತಿ ನರವ್ಯವಸ್ಥೆಯ ಮೇಲುಗೈಯೂ ಅಷ್ಟೇ ಹೆಚ್ಚಿತ್ತು. ಇದು ಕೈಸೂಜಿಯ ಅಧ್ಯಯನ, ಭಾಗವಹಿಸಿದವರು ಆರೋಗ್ಯವಂತರು. ಆತಂಕದ ರೋಗಿಗಳನ್ನೇ ತೆಗೆದುಕೊಂಡು, ಚಿಕಿತ್ಸೆಯ ಮುಂಚೆ ಮತ್ತು ವಾರಗಳ ನಂತರ ಮಿದುಳನ್ನು ಚಿತ್ರಿಸಿ, ಹುಸಿ ಗುಂಪಿನೊಡನೆ ಹೋಲಿಸಿದ ದೊಡ್ಡ ಅಧ್ಯಯನಗಳು ವಿರಳ.

ರೋಗಿಗಳಲ್ಲಿ ಪರೀಕ್ಷೆ

ಔಷಧಿಗೆ ಸಕ್ಕರೆ ಮಾತ್ರೆ ಹುಸಿಯಾಗಬಲ್ಲದು. ಸೂಜಿಗೆ ಹುಸಿ ಯಾವುದು? 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ಚರ್ಮಕ್ಕೆ ತಾಗಿ ಹಿಡಿಯೊಳಗೆ ಜಾರುವ ಮೊಂಡು ಸೂಜಿಯನ್ನು ರೂಪಿಸಿದರು. ನೋಡುವವರಿಗೆ ಅದು ಚುಚ್ಚಿದಂತೆಯೇ ಕಾಣುತ್ತದೆ. ಆದರೆ ವಿದ್ಯುತ್ತಿನ ಜುಮುಜುಮು ಇದೆಯೋ ಇಲ್ಲವೋ ಎಂಬುದು ರೋಗಿಗೆ ಗೊತ್ತಾಗದಿರುವುದಿಲ್ಲ. ಸಂಶೋಧಕರು ತಂತಿ ಜೋಡಿಸಿ, ಯಂತ್ರದ ದೀಪ ಹೊತ್ತಿಸಿ, ವಿದ್ಯುತ್ತು ಮಾತ್ರ ಕೊಡದೆ, ‘ಕೆಲವರಿಗೆ ಇದು ಗೊತ್ತಾಗುವುದಿಲ್ಲ’ ಎನ್ನುವ ಉಪಾಯ ಹೂಡುತ್ತಾರೆ. ಪ್ರಯೋಗಾಲಯಕ್ಕೆ ಅಳತೆ ಕೊಟ್ಟ ವಿದ್ಯುತ್ತೇ ಆಸ್ಪತ್ರೆಯ ಪರೀಕ್ಷೆಗೆ ಹೀಗೆ ಮುಳುವಾಗಿದೆ. ಬೆನ್ನುನೋವಿನ ಮೇಲಿನ 2007ರ ಜರ್ಮನ್ ಪರೀಕ್ಷೆಗಳಲ್ಲಿ ತಪ್ಪು ಜಾಗದ ಸೂಜಿಯೂ ಸರಿ ಜಾಗದ ಸೂಜಿಯಷ್ಟೇ ಕೆಲಸ ಮಾಡಿತ್ತು. ಆರೈಕೆ, ನಿರೀಕ್ಷೆ, ಅರ್ಧ ಗಂಟೆ ಮಲಗಿ ಬೇರೆಯವರ ಕೈಗೆ ಮೈ ಒಪ್ಪಿಸುವುದು ಎಲ್ಲವೂ ಆತಂಕವನ್ನು ತಗ್ಗಿಸುವಂಥವೇ ಆದ್ದರಿಂದ ಆತಂಕದಲ್ಲಿ ಈ ಸಮಸ್ಯೆ ಇನ್ನೂ ತೀವ್ರ.

ಇಷ್ಟಾದರೂ ಕೆಲವು ಒಳ್ಳೆಯ ಪರೀಕ್ಷೆಗಳಿವೆ. ಶಾಂಘೈನಲ್ಲಿ ಖಿನ್ನತೆಯ ಜೊತೆಗೆ ನಿದ್ದೆ ಕೆಟ್ಟ 270 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 8 ವಾರದ ಎಲೆಕ್ಟ್ರೋಅಕ್ಯುಪಂಕ್ಚರ್ ಹುಸಿ ಚಿಕಿತ್ಸೆಗಿಂತ ನಿದ್ದೆಯ ಗುಣಮಟ್ಟವನ್ನು ಹೆಚ್ಚು ಸುಧಾರಿಸಿತು. ಅದರಲ್ಲಿ ಆತಂಕದ ಅಂಕವನ್ನೂ ಅಳೆದಿದ್ದರು, ಆದರೆ ಮುಖ್ಯ ಗುರಿ ನಿದ್ದೆಯಾಗಿತ್ತು. ಯುದ್ಧದ ಆಘಾತಕ್ಕೆ ಒಳಗಾದ 93 ಅಮೆರಿಕನ್ ಮಾಜಿ ಸೈನಿಕರ ಮೇಲೆ ಮೈಕೆಲ್ ಹಾಲಿಫೀಲ್ಡ್ ತಂಡ ನಡೆಸಿ 2024ರಲ್ಲಿ ಪ್ರಕಟಿಸಿದ ಅಕ್ಯುಪಂಕ್ಚರ್ ಪರೀಕ್ಷೆ ಇನ್ನೂ ಮುಖ್ಯ. ನಿಜ ಸೂಜಿಯ ಪರಿಣಾಮ ದೊಡ್ಡದು, ಹುಸಿಯದು ಮಧ್ಯಮ. ಪ್ರಶ್ನಾವಳಿಗಳನ್ನಷ್ಟೇ ನಂಬದೆ, ಭಯದ ಸೂಚನೆಗೆ ರೋಗಿ ಬೆಚ್ಚಿಬೀಳುವ ಪ್ರಮಾಣವನ್ನೂ ಅಲ್ಲಿ ಅಳೆದರು. ಕಲಿತ ಭಯ ಅಳಿಸಿಹೋಗುವುದು ನಿಜ ಸೂಜಿಯ ಗುಂಪಿನಲ್ಲಿ ಸುಧಾರಿಸಿತ್ತು. ಬೆಚ್ಚಿಬೀಳುವುದು ರೋಗಿಯ ಮಾತಿಗೆ ಕಾಯದ ಸಾಕ್ಷಿ. ಹುಸಿಯ ಪರಿಣಾಮವೇ ಮಧ್ಯಮ ಮಟ್ಟದಲ್ಲಿತ್ತು ಎಂಬುದನ್ನೂ ಮರೆಯಬಾರದು.

ಸಾಮಾನ್ಯ ಆತಂಕದ ಕಾಯಿಲೆಗೆ ಬ್ರಿಟನ್ನಿನ ನೈಸ್ ಸಂಸ್ಥೆಯ 2011ರ ಮಾರ್ಗಸೂಚಿ ಮುಂದಿಡುವುದು ಅರಿವು-ವರ್ತನೆ ಚಿಕಿತ್ಸೆ ಮತ್ತು ಎಸ್‌ಎಸ್‌ಆರ್‌ಐ ಔಷಧಿಗಳನ್ನು, ಸೂಜಿಯನ್ನಲ್ಲ.

ಭಾರತದಲ್ಲಿ

1938ರಲ್ಲಿ ಚೀನಕ್ಕೆ ಹೋದ ಭಾರತೀಯ ವೈದ್ಯಕೀಯ ನಿಯೋಗದಲ್ಲಿ ಸೋಲಾಪುರದ ದ್ವಾರಕಾನಾಥ ಕೋಟ್ನಿಸ್ ಅವರ ಜೊತೆಗಿದ್ದ ಬಿಜಯ್ ಕುಮಾರ್ ಬಸು, 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಕಲ್ಕತ್ತೆಯಲ್ಲಿ ಅದನ್ನು ಶುರುಮಾಡಿದರು. ಕರ್ನಾಟಕದಲ್ಲಿ ಇದು ಹೆಚ್ಚಾಗಿ ಪ್ರಕೃತಿ ಚಿಕಿತ್ಸೆಯ ಕಾಲೇಜುಗಳ ಮೂಲಕ ಬಂತು. ಉಜಿರೆಯ ಎಸ್‌ಡಿಎಂ ಕಾಲೇಜಿನಂಥ ಕಡೆ ಕಲಿಸುವ ಬಿಎನ್‌ವೈಎಸ್ ಪದವಿಯಲ್ಲಿ ಅಕ್ಯುಪಂಕ್ಚರ್ ಒಂದು ಪಠ್ಯವಿಷಯ. ಇದರ ಮೊರೆಹೋಗಬಹುದಾದವರ ಸಂಖ್ಯೆಯೂ ಸಣ್ಣದಲ್ಲ: ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಆತಂಕ ಮತ್ತು ಒತ್ತಡ ಸಂಬಂಧಿ ಕಾಯಿಲೆಗಳ ಪ್ರಮಾಣ ಸುಮಾರು ಶೇ. 3.5.

ಎಚ್ಚರಿಕೆಗಳು

ಪೇಸ್‌ಮೇಕರ್ ಇರುವವರಿಗೆ ಎಲೆಕ್ಟ್ರೋಅಕ್ಯುಪಂಕ್ಚರ್ ಕೊಡುವುದಿಲ್ಲ. ಮೂರ್ಛೆರೋಗವಿದ್ದವರು, ಗರ್ಭಿಣಿಯರು, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಲ್ಲಿ ವಿಶೇಷ ಜಾಗ್ರತೆ ಬೇಕು. ಜೋಡಿ ಸೂಜಿಗಳ ನಡುವಿನ ವಿದ್ಯುತ್ತು ಎದೆಯನ್ನು ಅಡ್ಡ ಹಾಯದಂತೆ ನೋಡಿಕೊಳ್ಳಬೇಕು. ಎದೆ ಮತ್ತು ಭುಜದ ಮೇಲಿನ ಆಳದ ಸೂಜಿ ಶ್ವಾಸಕೋಶದ ಪೊರೆಗೆ ತಗುಲಿದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಸೂಜಿ ಒಮ್ಮೆ ಬಳಸಿ ಬಿಸಾಡುವಂಥದ್ದೇ ಆಗಿರಬೇಕು. ಆತಂಕದ ರೋಗಿಗಳಲ್ಲಿ ಮೊದಲ ಸರದಿಯಲ್ಲೇ ತಲೆ ಸುತ್ತಿ ಬೀಳುವವರಿರುವುದರಿಂದ ಮಲಗಿಸಿಯೇ ಚಿಕಿತ್ಸೆ ಕೊಡುತ್ತಾರೆ. ಕ್ಲೋನಜೆಪಾಮ್‌ನಂಥ ಮಾತ್ರೆಗಳ ಮೇಲಿರುವವರು ಸೂಜಿಯಿಂದ ಹಾಯೆನಿಸಿತೆಂದು ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಆತಂಕ ಇಮ್ಮಡಿಯಾಗಿ ಮರಳಬಹುದು, ಫಿಟ್ಸ್ ಕೂಡ ಬರಬಹುದು. ಪ್ರಮಾಣ ಇಳಿಸುವುದಿದ್ದರೆ ಮಾತ್ರೆ ಬರೆದುಕೊಟ್ಟ ವೈದ್ಯರ ಮೂಲಕವೇ ವಾರಗಳ ಅವಧಿಯಲ್ಲಿ ಇಳಿಸಬೇಕು.